ಓನರಜ್ಜಿ ಪೇಷಂಟಾಗಿದ್ದ ದಿನಗಳು

ಮೊನ್ನೆ ಬಂಡಳ್ಳಿ ಕಡೆಯ ಒಬ್ಬ ಹೆಂಗಸನ್ನು ಆಸ್ಪತ್ರೆಗೆ ಸೇರಿಸಿ ಬಂದು ಆಂಬುಲೆನ್ಸ್ ಒರೆಸುತ್ತಿದ್ದೆ. ದಿಂಬಿಗೆ ಅವರ ತಲೆಯ ಹರಳೆಣ್ಣೆ ವಾಸನೆ ಅಂಟಿಕೊಂಡಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ. ಡ್ರೈವರಣ್ಣ ಮೂಗು ಮುಚ್ಚಿಕೊಂಡು ಟೀ ಕುಡಿಯಲು ಹೋದರು. ನಾನು ಮಾತ್ರ ದಿಂಬು ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟೆ. ತಲೆಗೆ ಇದೇ ಎಣ್ಣೆ ಹಚ್ಚುತ್ತಿದ್ದ ಕೊಳ್ಳೇಗಾಲದ ಓನರಜ್ಜಿ ನೆನಪಾಗಿದ್ದರು...

ಆಗ ನಾನು ಕೊಳ್ಳೇಗಾಲದಲ್ಲಿ ತುರ್ತು ಚಿಕಿತ್ಸೆಯ ಎರಡು ವರ್ಷದ ಡಿಪ್ಲೊಮಾ ಓದುತ್ತಿದ್ದೆ. ಆಂಬುಲೆನ್ಸ್‌ನಲ್ಲಿ ರೋಗಿಯ ಪಕ್ಕ ಕೂತು, ಆಸ್ಪತ್ರೆ ಸೇರುವವರೆಗೆ ಜೀವ ಹಿಡಿದಿಡುವ ಕೆಲಸ ಕಲಿಸುವ ಕೋರ್ಸು. ಯಳಂದೂರಿನ ಹತ್ತಿರದ ನಮ್ಮೂರಿನಲ್ಲಿ ಇದನ್ನು ಯಾರೂ ಓದು ಅಂತ ಒಪ್ಪಿರಲಿಲ್ಲ. ಗಾಡಿಯಲ್ಲಿ ಕೂರುವುದಕ್ಕೂ ಎರಡು ವರ್ಷ ಕಲಿಯಬೇಕೇ, ನಾವೆಲ್ಲ ಬಸ್ಸಿನಲ್ಲಿ ಕಲಿಯದೇ ಕೂರುವುದಿಲ್ಲವೇ ಅಂತ ನಮ್ಮ ದೊಡ್ಡಪ್ಪ ಬಾಯ್ತುಂಬ ನಗುತ್ತಿದ್ದರು. ನಾನು ಬಾಡಿಗೆಗಿದ್ದ ಕೋಣೆ ಅಜ್ಜಿಯ ಮನೆಯ ಹಿಂಭಾಗದಲ್ಲಿತ್ತು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಬೀದಿಗೆಲ್ಲ ಅವರು ಓನರಜ್ಜಿಯೇ.

ಕಾಲೇಜಿನಲ್ಲಿ ಅಭ್ಯಾಸಕ್ಕೆ ಇದ್ದದ್ದು ಒಂದೇ ಬೊಂಬೆ. ನನ್ನ ಸರದಿ ಬರುವಷ್ಟರಲ್ಲಿ ಬೆಲ್ ಹೊಡೆಯುತ್ತಿತ್ತು. ಹಾಗಾಗಿ ಕೋಣೆಗೆ ಬಂದು ದಿಂಬಿಗೆ ಬ್ಯಾಂಡೇಜ್ ಸುತ್ತುತ್ತಿದ್ದೆ. ಅಜ್ಜಿ ಅದನ್ನು ಕಿಟಕಿಯಿಂದ ನೋಡಿ, ದಿಂಬಿಗೇನು ನೋವಾಗುತ್ತದೆಯೇ, ನನಗೆ ಸುತ್ತು ಅಂತ ಬಂದು ಚಾಪೆಯ ಮೇಲೆ ಮಲಗಿಯೇಬಿಟ್ಟರು. ಅಂದಿನಿಂದ ಅವರೇ ನನ್ನ ಪೇಷಂಟು. ಒಂದು ದಿನ ಕಾಲು ಮುರಿದವರು, ಇನ್ನೊಂದು ದಿನ ಹಾವು ಕಚ್ಚಿಸಿಕೊಂಡವರು. ನಟನೆಯಲ್ಲಿ ಜಿಪುಣತನವೇ ಇಲ್ಲ. ಕಾಲಿಗೆ ಪಟ್ಟಿ ಕಟ್ಟಿದರೆ ಬೀದಿಗೆ ಕೇಳುವ ಹಾಗೆ ಚೀರುತ್ತಿದ್ದರು. ಪಕ್ಕದ ಮನೆಯವರು ಸೊಪ್ಪು ಬಿಡಿಸುವುದನ್ನು ಬಿಟ್ಟು ಓಡಿ ಬಂದರೆ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನು ಪಾಸಾದರೆ ಅರ್ಧ ಸರ್ಟಿಫಿಕೇಟು ತಮಗೇ ಸೇರಬೇಕು ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಆ ಮಧ್ಯಾಹ್ನದ ಪಾಠ ಉಸಿರಾಟದ್ದು. ಏದುಸಿರು ಬಿಡುವವರನ್ನು ಹೇಗೆ ಸಾಗಿಸಬೇಕು ಅನ್ನುವುದು. ಅಜ್ಜಿ ಎಂದಿನಂತೆ ಚಾಪೆಯ ಮೇಲೆ ಮಲಗಿ ಏದುಸಿರು ಬಿಡಲು ಶುರುಮಾಡಿದರು. ಮಲಗಬಾರದು ಅಜ್ಜಿ, ಕೂರಬೇಕು ಅಂದೆ. ಎದೆಯಲ್ಲಿ ನೀರು ತುಂಬಿದವರು ಮಲಗಿದರೆ ಉಸಿರು ಇನ್ನೂ ಕಟ್ಟುತ್ತದೆ, ಅದಕ್ಕೇ ಅವರು ಏಳಲು ನೋಡುತ್ತಾರೆ, ಅಂಥವರನ್ನು ಒತ್ತಿ ಮಲಗಿಸಲೇಬಾರದು... ಪುಸ್ತಕದಲ್ಲಿದ್ದದ್ದನ್ನು ಗಿಳಿಪಾಠ ಒಪ್ಪಿಸಿದೆ. ಅಜ್ಜಿಯ ನಟನೆ ನಿಂತಿತು. ಎದ್ದು ಕೂತು ನನ್ನ ಮುಖವನ್ನೇ ನೋಡಿದರು.

“ನಾನು ಮಲಗಿಸ್ಬುಟ್ಟೆ ಕಣವ್ವ,” ಅಂದರು.

ಅದು ಅವರ ಯಜಮಾನರ ವಿಷಯ. ಆಗ ಸಂಸಾರ ಬಂಡಳ್ಳಿಯಲ್ಲಿತ್ತಂತೆ. ಒಂದು ಬೆಳಿಗ್ಗೆ ಯಜಮಾನರಿಗೆ ಉಸಿರು ಕಟ್ಟತೊಡಗಿತು. ರೇಷ್ಮೆಗೂಡು ಸಾಗಿಸುವ ಟೆಂಪೋದಲ್ಲಿ ಕಂಬಳಿ ಹಾಸಿ, ಮಲಗಿಸಿಕೊಂಡು ಕೊಳ್ಳೇಗಾಲಕ್ಕೆ ಹೊರಟರು. ದಾರಿಯುದ್ದಕ್ಕೂ ಅವರು ಎದ್ದು ಕೂರಲು ಕೊಸರಾಡುತ್ತಿದ್ದರು. ಕಾಯಿಲೆಯವರು ಮಲಗಬೇಕು ಅನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು. ಅಜ್ಜಿ ಗಂಡನ ಎರಡೂ ಭುಜ ಒತ್ತಿ ಹಿಡಿದು, ಸುಮ್ಮನೆ ಮಲಗಿ ಅಂತ ಗದರುತ್ತಲೇ ಬಂದರು. ಕೊಳ್ಳೇಗಾಲ ಸೇರುವ ಮೊದಲೇ ಕೊಸರಾಟ ನಿಂತಿತು. ನಿದ್ದೆ ಹತ್ತಿತು ಅಂತ ಅಜ್ಜಿಗೆ ಸಮಾಧಾನವಾಯಿತಂತೆ.

“ಅದ್ಕೇ ಅವ್ರ ಜೀವ ಓಯ್ತಾ ಮಗ? ದಿಟ ಯೋಳು.”

ಅವರ ಕಾಯಿಲೆ ಏನಿತ್ತೋ, ಕೂರಿಸಿದ್ದರೂ ಉಳಿಯುತ್ತಿದ್ದರೋ ಇಲ್ಲವೋ, ಯಾರಿಗೂ ಗೊತ್ತಾಗುವುದಿಲ್ಲ ಅಜ್ಜಿ ಅಂದೆ. ಅದು ನಿಜವೇ. ಮರುದಿನ ನಮ್ಮ ಸರ್‌ನ ಕೇಳಿದಾಗ ಅವರೂ ಅದನ್ನೇ ಹೇಳಿದರು. ಆದರೆ ಅಂಥ ಉತ್ತರದಿಂದ ಯಾರ ಹೊಟ್ಟೆ ತಣ್ಣಗಾಗುತ್ತದೆ? ಆಮೇಲೂ ಅಜ್ಜಿ ನನಗಾಗಿ ಕಾಲು ಮುರಿದುಕೊಂಡರು, ಪ್ರಜ್ಞೆ ತಪ್ಪಿದರು. ಉಸಿರಾಟದ ಪಾಠ ಬಂದರೆ ಮಾತ್ರ ಕಾಲೇಜಿನ ಬೊಂಬೆ ಇದೆಯಲ್ಲ ಅಂತ ಎದ್ದು ಹೋಗುತ್ತಿದ್ದರು. ಚೀರಾಟವೂ ಕಡಿಮೆಯಾಯಿತು.

ಓದು ಮುಗಿಸಿ ನಾನು ಹನೂರು ಕಡೆಯ ಆಂಬುಲೆನ್ಸ್ ಸೇರಿದೆ. ಕೆಲವು ವರ್ಷಗಳ ಮೇಲೆ ಕೊಳ್ಳೇಗಾಲಕ್ಕೇ ಹಾಕಿದರು. ಒಂದು ಬೆಳಿಗ್ಗೆ ಕರೆ ಬಂದ ಜಾಗಕ್ಕೆ ಹೋಗಿ ನೋಡಿದರೆ ಅದೇ ಬೀದಿ, ಅದೇ ಮನೆ. ಓನರಜ್ಜಿ ನೆಲದ ಮೇಲೆ ಅಂಗಾತ ಮಲಗಿದ್ದರು. ಎದೆಯೊಳಗೆ ಗೊರಗೊರ ಸದ್ದು. ಎಷ್ಟು ಬೇಡಿಕೊಂಡರೂ ಕೂರುತ್ತಿಲ್ಲ, ಎತ್ತಲು ಹೋದರೆ ಕೈ ಕೊಡವುತ್ತಾರೆ ಅಂತ ಅಜ್ಜಿಯ ಮಗಳು ಅಳುತ್ತಿದ್ದಳು. ಯಾಕೆ ಅಂತ ನನಗೆ ತಕ್ಷಣ ಗೊತ್ತಾಯಿತು. ಯಜಮಾನರು ಪಟ್ಟದ್ದನ್ನು ತಾವೂ ಬೇಕೆಂದೇ ಪಡುತ್ತಿದ್ದರು. ನನ್ನನ್ನು ಗುರುತು ಹಿಡಿದು, ಬೇಡ ಅಂತ ತಲೆಯಾಡಿಸಿದರು.

ನಾನು ಕೇಳಲಿಲ್ಲ. ಡ್ರೈವರಣ್ಣನೂ ನಾನೂ ಎತ್ತಿಕೊಂಡು ಹೋಗಿ, ಸ್ಟ್ರೆಚರಿನ ತಲೆಯ ಕಡೆ ಎತ್ತರಿಸಿ ಕೂರಿಸಿದೆವು. ಆಕ್ಸಿಜನ್ ಹಾಕಿದೆ. ಚಾಮರಾಜನಗರದ ದಾರಿ ಹಿಡಿದು ಯಳಂದೂರು ದಾಟುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ನನಗೆ ಕುಣಿಯುವಷ್ಟು ಸಂತೋಷ. ಅಜ್ಜಿ ಮಾಸ್ಕ್ ಸರಿಸಿದರು.

“ಕೂತ್ಕಂಡ್ರೆ ಇಷ್ಟೊಂದು ಅಗುರಾಗ್ತದಾ ಮಗ...” ಅಂದರು. ಮಾಸ್ಕ್ ಹಾಕಲು ಹೋದ ನನ್ನ ಕೈ ತಡೆದು, “ಇದೊಂದ್ನೇ ಕಣವ್ವ ಅವ್ರು ಕೇಳ್ತಿದ್ದುದ್ದು,” ಅಂದರು.

ನಾನು ಮಾಸ್ಕ್ ಮತ್ತೆ ಹಾಕಿದೆ. ಅವರ ಕಣ್ಣೀರು ಅದರ ಅಂಚಿನಿಂದ ಇಳಿಯುತ್ತಲೇ ಇತ್ತು.

ಆ ಸಲ ಅಜ್ಜಿ ಮನೆಗೆ ವಾಪಸು ಬಂದರು. ನೋಡಲು ಹೋದರೆ ಕಾಫಿ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಮುಂದಿನ ಬೇಸಗೆಯಲ್ಲಿ ತೀರಿಕೊಂಡರು. ಮಗಳು ಫೋನ್ ಮಾಡಿದಾಗ ನಾನು ಬಿಳಿಗಿರಿರಂಗನ ಬೆಟ್ಟದಿಂದ ಒಬ್ಬ ಬಾಣಂತಿಯನ್ನು ಇಳಿಸಿಕೊಂಡು ಬರುತ್ತಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಈಗ ಅದೇ ಡಿಪ್ಲೊಮಾ ಓದುವ ಹುಡುಗಿಯರು ನಮ್ಮ ಗಾಡಿಗೆ ತರಬೇತಿಗೆ ಬರುತ್ತಾರೆ. ಏದುಸಿರಿನವರನ್ನು ಎತ್ತಿ ಕೂರಿಸಿ, ಮೊದಲ ಸಲೀಸು ಉಸಿರು ಬಂದಾಗ ಈ ಹುಡುಗಿಯರ ಮುಖ ಅರಳುತ್ತದೆ. ನನ್ನ ಕಣ್ಣು ಮಾತ್ರ ರೋಗಿಯ ಪಕ್ಕದಲ್ಲಿ ಕೂತ ಹೆಂಡತಿಯ ಕಡೆಗೋ ಮಗನ ಕಡೆಗೋ ಹೋಗುತ್ತದೆ. ಎಲ್ಲ ಕೇಳಿ ಬರೆದುಕೊಳ್ಳಿ, ಏದುಸಿರು ಯಾವಾಗ ಶುರುವಾಯಿತು, ಏನು ಮಾತ್ರೆ ಕೊಟ್ಟಿರಿ ಅಂತೆಲ್ಲ ಕೇಳಿ ಅಂತ ಹುಡುಗಿಯರಿಗೆ ಹೇಳಿಕೊಡುತ್ತೇನೆ. ನಾವು ಬರುವ ತನಕ ಇವರನ್ನು ಮಲಗಿಸಿದ್ದಿರಾ ಅಂತ ಮಾತ್ರ ಯಾರನ್ನೂ ಕೇಳಬೇಡಿ ಅನ್ನುತ್ತೇನೆ.