ಟೈಲರಕ್ಕನಿಗೆ ಬೇಕಿದ್ದ ಮ್ಯಾಂಡೊಲಿನ್

ಟೈಲರಕ್ಕನ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಕೆಟ್ಟ ಜಿಪ್ ಕಿತ್ತು ಬೇರೆ ಹಾಕುವುದು, ಇಷ್ಟೇ ಕೆಲಸ. "ಹೆತ್ತವರು ಯಾರೋ, ಸಾಕೋಳು ನಾನು" ಎಂದು ಗಿರಾಕಿಗಳೊಡನೆ ನಗುತ್ತಾಳೆ. ಮಿಷನ್ ತುಳಿಯುತ್ತಲೇ ಹಾಡುತ್ತಾಳೆ. ಎದುರಿಗೆ ಯಾರೇ ಬಂದು ನಿಂತರೂ ಚರಣ ಮುಗಿಯದೆ ತಲೆ ಎತ್ತುವುದಿಲ್ಲ.

ಹಾಡಿನ ಗೀಳು ಹುಟ್ಟಿನಿಂದಲೇ ಬಂದದ್ದು. ಅದಕ್ಕೊಂದು ಜೊತೆ ಸಿಕ್ಕಿದ್ದು ಮಾತ್ರ ಗಂಡನ ಮನೆಯಲ್ಲಿ. ಮೈದುನನ ಕೈಹಿಡಿದು ಬಂದ ಓರಗಿತ್ತಿ ಬಟ್ಟೆಯ ಪೆಟ್ಟಿಗೆಯ ಜೊತೆಗೆ ಒಂದು ಮ್ಯಾಂಡೊಲಿನ್ ತಂದಿದ್ದಳು. ಮನೆಯವರ ಬಾಯಲ್ಲಿ ಇವಳು ದೊಡ್ಡವಳು, ಅವಳು ಚಿಕ್ಕವಳು. ಓರಗಿತ್ತಿಯರೆಂದರೆ ಎಣ್ಣೆ ಸೀಗೆಕಾಯಿ, ಇವತ್ತಲ್ಲ ನಾಳೆ ಜುಟ್ಟು ಹಿಡಿಯುತ್ತಾರೆ ಎಂದು ಕಾದು ಕೂತಿದ್ದ ಅಕ್ಕಪಕ್ಕದವರಿಗೆ ನಿರಾಸೆಯಾಯಿತು. ಗಂಡಸರು ಕೆಲಸಕ್ಕೆ ಹೋದ ಮೇಲೆ ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಬ್ಬಳು ಹಾಡುವುದು, ಒಬ್ಬಳು ನುಡಿಸುವುದು.

"ಅಕ್ಕಾ, ಮಕ್ಕಳು ಕೈಗೆ ಬರ್ಲಿ, ನಾವೊಂದು ಬ್ಯಾಂಡ್ ಕಟ್ಟೋಣ" ಎನ್ನುತ್ತಿದ್ದಳು ಚಿಕ್ಕವಳು.

"ಕಟ್ಟೋಣ ಬಿಡು. ಡ್ರಮ್ಮಿಗೆ ಅತ್ತೆಯವರನ್ನೇ ಕೂರಿಸೋಣ. ಪಾತ್ರೆ ಕುಕ್ಕೋದ್ರಲ್ಲಿ ಅವರ ತಾಳ ಯಾವತ್ತಾದ್ರೂ ತಪ್ಪಿದೆಯಾ?"

ಮಕ್ಕಳು ಕೈಗೆ ಬರುವ ಮೊದಲೇ ಮಾವನವರ ಅಂಗಡಿಯ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಕೆಟ್ಟಿತು. ಮಾತಿಗೆ ಮಾತು ಬೆಳೆದು, ಜಗಳ ಬೀದಿಗೆ ಬಂದು, ಮೈದುನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೂರದ ಊರಿಗೆ ಹೊರಟುಹೋದ. ಹೆಂಗಸರಿಬ್ಬರ ನಡುವೆ ಒಂದು ಮಾತೂ ಕೆಟ್ಟಿರಲಿಲ್ಲ. ಆದರೂ ಗಂಡಂದಿರ ಜಗಳವನ್ನು ಅವರೂ ಹೊದ್ದುಕೊಳ್ಳಬೇಕಾಯಿತು. ಮೊದಮೊದಲು ಕದ್ದುಮುಚ್ಚಿ ಫೋನ್ ಮಾಡುತ್ತಿದ್ದರು. ಬರಬರುತ್ತಾ ಅದೂ ಸಾವು ನೋವಿನ ಸುದ್ದಿಗಷ್ಟೇ ಎಂಬಂತಾಯಿತು.

ಹೀಗೆ ವರ್ಷಗಳುರುಳಿದವು. ಮಕ್ಕಳು ಅವರವರ ದಾರಿ ಹಿಡಿದರು. ಒಂದು ದಿನ ಉದ್ಯಾನದ ಸಮಿತಿಯವರು ಕೋಟಿನ ತೋಳು ಗಿಡ್ಡ ಮಾಡಿಸಲು ಬಂದವರು, ಹಾಳುಬಿದ್ದಿದ್ದ ಸಂಗೀತ ಮಂಟಪವನ್ನು ರಿಪೇರಿ ಮಾಡಿಸಿದ್ದೇವೆ, ಈ ಬಡಾವಣೆಯವರೇ ಯಾರಾದರೂ ಹಾಡಿದರೆ ಚೆನ್ನ ಎಂದರು. ಟೈಲರಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ನಮ್ಮದೊಂದು ಬ್ಯಾಂಡಿದೆ" ಎಂದುಬಿಟ್ಟಳು. ಇರಲಿಲ್ಲ. ಕಟ್ಟಬೇಕಿತ್ತು.

ಡ್ರಮ್ಮಿಗೆ ಎದುರು ಬೀದಿಯ ವೆಲ್ಡಿಂಗಿನವನು ಸಿಕ್ಕಿದ. ದಿನವಿಡೀ ಕಬ್ಬಿಣ ಬಡಿಯುವವನು ಕಿವಿ ಒಡೆದು ಹಾಕುತ್ತಾನೇನೋ ಎಂದು ಅಂಜಿದ್ದಳು. ಅವನು ಮಲಗಿದ ಮಗುವಿನ ಬೆನ್ನು ತಟ್ಟುವಷ್ಟು ಮೆತ್ತಗೆ ಬಾರಿಸಿದ. "ಗಲಾಟೆ ಅಂಗಡೀಲೇ ಸಾಕಾಗತ್ತೆ ಅಕ್ಕಾ" ಎಂದ. ಕೀಬೋರ್ಡಿಗೆ ಟೈಪಿಂಗ್ ಮೇಷ್ಟ್ರು ಬಂದರು. ಕಲಿಯುವವರಿಲ್ಲದೆ ಅವರ ಟೈಪಿಂಗ್ ಶಾಲೆ ಮುಚ್ಚಿ ಬಹಳ ಕಾಲವಾಗಿತ್ತು, ಬೆರಳು ಮಾತ್ರ ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಉಳಿದದ್ದು ಮ್ಯಾಂಡೊಲಿನ್.

ಅದಕ್ಕೆ ಇಬ್ಬರು ಬಂದರು. ರಜೆಯ ದಿನ ಅಂಗಡಿಯ ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ ಅವರನ್ನು ಕೂರಿಸಿದರು. ಒಬ್ಬಳು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ನಾಲ್ಕು ಸ್ವರ ನುಡಿಸುವಳು, ನಿಲ್ಲುವಳು, ಟೈಲರಕ್ಕನ ಮುಖ ನೋಡುವಳು, ಮತ್ತೆರಡು ನುಡಿಸುವಳು. ನಡುನಡುವೆ ತಪ್ಪುವಳು. ಇನ್ನೊಬ್ಬರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರು ತಂತಿ ಮೀಟುತ್ತಿದ್ದಂತೆ ಟೈಲರಕ್ಕ ಥಟ್ಟನೆ ಅವರತ್ತ ತಿರುಗಿದಳು. ಸಾಲಿನ ಕೊನೆಯಲ್ಲಿ ಸ್ವರವನ್ನು ನಡುಗಿಸಿ ಬಿಡುವ ರೀತಿ, ಚರಣಕ್ಕೆ ಮೊದಲು ಕೊಡುವ ಸಣ್ಣ ಕುಲುಕು, ಎಲ್ಲವೂ ಚಿಕ್ಕವಳದೇ. ಕಣ್ಣು ಮುಚ್ಚಿದರೆ ಹಿತ್ತಿಲ ಮೆಟ್ಟಿಲು. ಪಲ್ಲವಿ ಮುಗಿಸಿದವಳು ಚರಣ ಎತ್ತಿಕೊಳ್ಳುವುದನ್ನೇ ಮರೆತಳು.

"ಇವರೇ ಆಗಬೇಕು" ಎಂದಳು, ಅವರು ಹೋದ ಮೇಲೆ.

ವೆಲ್ಡಿಂಗಿನವನು ಕೋಲು ಕೆಳಗಿಟ್ಟ. "ಅವರು ನುಡಿಸಿದ್ರೆ ನೀವು ಹಾಡೋದೇ ಇಲ್ವಲ್ಲ ಅಕ್ಕಾ. ನಿಂತ್ಕೊಂಡ್ಬಿಡ್ತೀರ."

"ಮೇಷ್ಟ್ರೇ, ನೀವು ಹೇಳಿ."

"ಹುಡುಗೀನೂ ಪರವಾಗಿಲ್ಲ. ಅವರೂ ಪರವಾಗಿಲ್ಲ" ಎಂದು ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

ಟೈಲರಕ್ಕನಿಗೆ ಆ ವಾರವೆಲ್ಲ ಕೆಲಸದಲ್ಲಿ ಕೈ ಓಡಲಿಲ್ಲ. ಯಾರದೋ ಪ್ಯಾಂಟಿನ ಒಂದೇ ಕಾಲನ್ನು ಎರಡು ಸಲ ಗಿಡ್ಡ ಮಾಡಿ ಬೈಸಿಕೊಂಡಳು. ಕೊನೆಗೆ ಗಂಡನ ಮುಂದೆ ನಿಂತು, "ಚಿಕ್ಕವಳನ್ನ ನೋಡ್ಕೊಂಡು ಬರ್ತೀನಿ" ಎಂದಳು. ಗಂಡ ಪತ್ರಿಕೆಯಿಂದ ಕಣ್ಣು ತೆಗೆಯಲಿಲ್ಲ. ಹಾಳೆಯನ್ನೂ ತಿರುವಲಿಲ್ಲ. "ಅವನು ಹೇಗಿದ್ದಾನೆ ಅಂತ ಕೇಳೋಕೆ ಹೋಗ್ಬೇಡ. ಸುಮ್ನೆ ನೋಡ್ಕೊಂಡು ಬಾ" ಎಂದ.

ಬಸ್ಸಿನಲ್ಲಿ ಅರ್ಧ ದಿನದ ದಾರಿ. ಬಾಗಿಲು ತೆಗೆದ ಚಿಕ್ಕವಳ ಕೈ ಒದ್ದೆಯಾಗಿತ್ತು, ಕನ್ನಡಕ ತಲೆಯ ಮೇಲಿತ್ತು. ಬಂದವಳನ್ನು ನೋಡಿ, "ಕಾಣಿಸ್ತಿಲ್ಲ, ತಾಳು" ಎಂದು ಕನ್ನಡಕ ಇಳಿಸಿಕೊಂಡಳು. ನೋಡಿದಳು. ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. "ಇಷ್ಟು ದಿನ ಬೇಕಾಯ್ತಾ ಅಕ್ಕಾ?" ಎಂದು ಕೇಳುವಷ್ಟರಲ್ಲಿ ಇಬ್ಬರಿಗೂ ಅಳು ಬಂದಿತ್ತು.

ಒಳಕೋಣೆಯಲ್ಲಿ ಮೈದುನ ಮಲಗಿದ್ದ. ಬಲಭಾಗ ಸ್ವಾಧೀನದಲ್ಲಿರಲಿಲ್ಲ. ಅತ್ತಿಗೆಯನ್ನು ಕಂಡು ಏಳಲು ಹೋದ, ಆಗಲಿಲ್ಲ. ಗಂಡ ಕೇಳಬೇಡ ಎಂದದ್ದನ್ನು ಅವಳು ಕೇಳಲಿಲ್ಲ. ಅವನೇ ತೊದಲುತ್ತಾ, "ಅಣ್ಣ... ಊಟ ಸರಿಯಾಗಿ ಮಾಡ್ತಾನಾ?" ಎಂದ. ಅವಳು ತಲೆಯಾಡಿಸಿದಳು.

ಅಡುಗೆಮನೆಗೆ ಬಂದು ಕೂತ ಮೇಲೆ ಮ್ಯಾಂಡೊಲಿನ್ ಎಲ್ಲಿ ಎಂದು ವಿಚಾರಿಸಿದಳು. ಚಿಕ್ಕವಳು ಎಡಗೈ ಮುಂದೆ ಚಾಚಿದಳು. ಬೆರಳ ಗಿಣ್ಣುಗಳು ಊದಿಕೊಂಡು ಗಟ್ಟಿಯಾಗಿದ್ದವು. "ಮಡಚಕ್ಕೇ ಆಗಲ್ಲ. ಕಣ್ಮುಂದೆ ಯಾಕಿರ್ಬೇಕು ಅಂತ ಮಗಳಿಗೆ ಕೊಟ್ಬಿಟ್ಟೆ."

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡು ಬಂದಿದ್ದ ಮಾತು ಟೈಲರಕ್ಕನ ಬಾಯಲ್ಲೇ ಉಳಿಯಿತು. ಬದಲಿಗೆ ಬ್ಯಾಂಡಿನ ಕಥೆಯೆಲ್ಲ ಹೇಳಿ, ವೆಲ್ಡಿಂಗಿನವನು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಫೋನಿನಲ್ಲಿ ಹಚ್ಚಿದಳು. ಮೊದಲು ಹುಡುಗಿಯದು. ಆಮೇಲೆ ಗುಮಾಸ್ತರದು. ಚಿಕ್ಕವಳು ಒಲೆ ಆರಿಸಿ ಕೇಳಿದಳು.

"ಇವರು ನನ್ನ ಹಾಗೇ ನುಡಿಸ್ತಾರೆ" ಎಂದಳು.

"ಹೂಂ. ಅದಕ್ಕೇ..."

"ಅದಕ್ಕೇ ಬೇಡ."

ಟೈಲರಕ್ಕ ಫೋನಿನಿಂದ ತಲೆ ಎತ್ತಿದಳು.

"ಇದರಲ್ಲಿ ನೀನು ಹಾಡ್ತಿಲ್ಲ ಅಕ್ಕಾ, ನನ್ನ ಹುಡುಕ್ತಿದ್ದೀಯ. ಪಲ್ಲವಿ ಆದ್ಮೇಲೆ ಎಷ್ಟು ಹೊತ್ತು ನಿಂತೆ ನೋಡು. ಪಾಪ ಡ್ರಮ್ಮಿನವನು ಬಾಗಿಲು ಹಿಡ್ಕೊಂಡು ನಿಂತವನ ಹಾಗೆ ಕಾಯ್ತಾ ಇದ್ದಾನೆ. ಆ ಹುಡುಗೀನ ತಗೋ. ನೀನು ಉಸಿರು ತಗೊಳ್ಳೋದು ಅವಳಿಗೆ ಕೇಳ್ಸತ್ತೆ."

"ತಪ್ಪು ನುಡಿಸ್ತಾಳೆ ಕಣೇ."

"ತಪ್ಪು ತಿದ್ದಬಹುದು. ಕಿವಿ ಇಲ್ದೋರಿಗೆ ಕಿವಿ ಹೊಲಿದು ಕೊಡ್ತೀಯಾ ನೀನು?"

ಸಂಜೆ ಬಸ್ಸಿಗೆ ಬಿಡಲು ಚಿಕ್ಕವಳು ಬೀದಿಯ ತುದಿಯವರೆಗೆ ಬಂದಳು. ಬಸ್ಸು ಕಾಣಿಸಿತು. ಆಗ ಟೈಲರಕ್ಕನಿಗೆ ತಡೆಯಲಾಗಲಿಲ್ಲ. "ನೀನೇ ಬಾರೇ. ನುಡಿಸೋಕಾಗ್ದಿದ್ರೆ ಬೇಡ, ಪಕ್ಕದಲ್ಲಿ ಕೂತಿರು ಸಾಕು."

"ಆಗ ಕರೆದಿದ್ರೆ ಓಡಿ ಬರ್ತಿದ್ದೆ" ಎಂದಳು ಚಿಕ್ಕವಳು. "ಈಗ ಇವರನ್ನ ಬಿಟ್ಟು ಎಲ್ಲಿಗೆ ಬರ್ಲಿ ಹೇಳು?" ಇವಳ ಕೈಚೀಲದ ಪಟ್ಟಿ ಭುಜದಿಂದ ಜಾರಿತ್ತು, ಅದನ್ನು ಸರಿಮಾಡಿ ಬಸ್ಸು ಹತ್ತಿಸಿದಳು.

ಗುಮಾಸ್ತರಿಗೆ ಟೈಲರಕ್ಕ ತಾನೇ ಹೋಗಿ ತಿಳಿಸಿದಳು. ಕಾರಣ ಹೇಳಲು ಬರಲಿಲ್ಲ. "ನೀವು ತುಂಬಾ ಚೆನ್ನಾಗಿ ನುಡಿಸ್ತೀರಿ, ಅದೇ ಕಷ್ಟ" ಎಂದಳು. ಅವರು ಏನು ತಿಳಿದುಕೊಂಡರೋ, ಬೇಸರ ಮಾಡಿಕೊಳ್ಳದೆ ಹುಡುಗಿಗೆಂದು ಒಂದು ಜೊತೆ ಹೊಸ ತಂತಿ ಕೊಟ್ಟು ಕಳಿಸಿದರು.

ಮಂಟಪದಲ್ಲಿ ಹಾಡಿದ ಸಂಜೆ ಜನ ಬೆಂಚು ಸಾಲದೆ ಹುಲ್ಲಿನ ಮೇಲೆ ಕೂತರು. ಹುಡುಗಿ ಎರಡು ಕಡೆ ತಪ್ಪಿದಳು. ಮೂರನೆಯ ಹಾಡಿನಲ್ಲಿ ಟೈಲರಕ್ಕ ಪದವೊಂದನ್ನು ಮರೆತು ತಡವರಿಸಿದಾಗ, ಅವಳು ಅದೇ ಸಾಲನ್ನು ಮೆಲ್ಲಗೆ ಇನ್ನೊಮ್ಮೆ ನುಡಿಸಿ ಕಾದಳು. ಪದ ನೆನಪಾಯಿತು. ಕೇಳುತ್ತಿದ್ದವರು ಅದೂ ಹಾಡಿನದೇ ಭಾಗವೆಂದುಕೊಂಡರು. ಗಂಡ ಕೊನೆಯ ಸಾಲಿನಲ್ಲಿ ನಿಂತೇ ಇದ್ದ, ಎಲ್ಲ ಮುಗಿಯುವವರೆಗೂ.

ಮರುದಿನ ಬೆಳಿಗ್ಗೆ ಚಿಕ್ಕವಳೇ ಫೋನ್ ಮಾಡಿದಳು. ಎಷ್ಟು ಜನ ಬಂದಿದ್ದರು, ಭಾವ ಬಂದಿದ್ದರಾ, ನೀನು ಯಾವ ಬಣ್ಣ ಉಟ್ಟಿದ್ದೆ, ಮೇಷ್ಟ್ರು ಹೇಗೆ, ಡ್ರಮ್ಮಿನವನು ಅವಸರ ಮಾಡಲಿಲ್ಲ ತಾನೆ, ಗಂಟಲು ನೋಯುತ್ತಿದೆಯಾ, ಬಿಸಿನೀರು ಕುಡಿ ಎಂದು ಒಂದನ್ನೂ ಬಿಡದೆ ಕೇಳಿದಳು. ಟೈಲರಕ್ಕ ಒಂದೊಂದಕ್ಕೂ ಉತ್ತರ ಹೇಳಿದಳು. ಮ್ಯಾಂಡೊಲಿನ್ ಹೇಗಿತ್ತು ಎಂದು ಅವಳು ಕೇಳಲಿಲ್ಲ. ಇವಳೂ ಹೇಳಲಿಲ್ಲ.