ಬೀರಪ್ಪ ಲೈಟು ಆರಿಸಿಯೇ ಹೋಗಿದ್ದ

ಜಮಖಂಡಿ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷ ವಕೀಲಿಕೆ ಮಾಡಿದವನು ನಾನು. ಸಾಕ್ಷಿ ಇಲ್ಲದೆ ಯಾರನ್ನೂ ತಪ್ಪಿತಸ್ಥ ಎನ್ನಬಾರದೆಂದು ಎಷ್ಟು ಸಲ ಗಂಟಲು ಹರಿದುಕೊಂಡಿದ್ದೇನೋ. ಆದರೆ ನಮ್ಮ ಮನೆ ಮುಂದಿನ ಹಳೆಯ ಕಾರಿನ ವಿಷಯ ಬಂದಾಗ ನಾನೇ ಫಿರ್ಯಾದಿ, ನಾನೇ ನ್ಯಾಯಾಧೀಶನಾಗಿ ಎರಡು ನಿಮಿಷದಲ್ಲಿ ತೀರ್ಪು ಕೊಟ್ಟುಬಿಟ್ಟೆ. ಆರೋಪಿ ನನ್ನ ಗೆಳೆಯ ಬೀರಪ್ಪ.

ಬೀರಪ್ಪ ಚಿಮ್ಮಡದವನು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾನು ಕರಿ ಕೋಟು ಹಾಕಿದೆ, ಅವನು ಹೊಲ, ಕುರಿ ನೋಡಿಕೊಂಡು ಉಳಿದ. ಅನಗವಾಡಿಗೆ ಕೊಟ್ಟ ಅವನ ಅಕ್ಕ ಸಾಂವಕ್ಕನಿಗೆ ಮುಧೋಳದಲ್ಲಿ ಕಣ್ಣಿನ ಆಪರೇಶನ್ ಇತ್ತು. ಒಂದು ದಿನದ ಮಟ್ಟಿಗೆ ಕಾರು ಕೇಳಿದ, ಕೊಟ್ಟೆ. ಸಂಜೆ ಕೀಲಿ ಮರಳಿಸುತ್ತ, "ಲೇ, ಆ ಬ್ಯಾಟರಿ ಕೆಂಪು ದೀಪ ಆಗಾಗ ಹತ್ತತೈತಿ. ಒಮ್ಮೆ ತೋರಸ" ಅಂದ. ಆ ದೀಪ ಹದಿನೈದು ದಿನದಿಂದ ಹತ್ತುತ್ತಿತ್ತು. ನನ್ನ ಮೊಣಕಾಲು ನೋವಿನ ಹಾಗೆ ಅದೂ ವಯಸ್ಸಿನದು ಎಂದು ನಾನು ಬಿಟ್ಟಿದ್ದೆ.

ಮರುದಿನ ಕೋರ್ಟಿಗೆ ಹೊರಟರೆ ಕಾರು ಟಕ್ ಟಕ್ ಎಂದು ಸುಮ್ಮನಾಯಿತು; ಬ್ಯಾಟರಿ ಖಾಲಿಯಾಗಿತ್ತು. ಬೀರಪ್ಪನಿಗೆ ಫೋನ್ ಹಚ್ಚಿ, ನೀನು ಹೆಡ್‌ಲೈಟ್ ಆರಿಸದೆ ಹೋಗಿದ್ದೀ ಅಂದೆ. ಆರಿಸಿದ್ದೆ, ಎರಡು ಸಲ ನೋಡಿದ್ದೆ ಅಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

"ಮಂದಿ ಸಾಮಾನ ಅಂದ್ರ ನಿನಗ ಖಬರ ಇರೂದಿಲ್ಲ" ಅಂದುಬಿಟ್ಟೆ.

ಬೀರಪ್ಪ ಫೋನ್ ಇಟ್ಟ. ಒಂದು ತಾಸಿನಲ್ಲಿ ತನ್ನ ಟ್ರ್ಯಾಕ್ಟರಿನ ಬ್ಯಾಟರಿ, ದಪ್ಪ ವಾಯರು ಬೈಕಿಗೆ ಕಟ್ಟಿಕೊಂಡು ಬಂದ. ಜೋಡಿಸಿ ಕಾರು ಚಾಲೂ ಮಾಡಿದ. ಚಹಾ ಒಲ್ಲೆ ಎಂದು ಹೋದ. ಅದನ್ನೂ ನಾನು ತಪ್ಪೊಪ್ಪಿಗೆ ಎಂದೇ ತಿಳಿದೆ.

ಹೊಸ ಬ್ಯಾಟರಿ ಹಾಕಿಸಿದೆ. ಎಂಟು ದಿನಕ್ಕೆ ಅದೂ ಮಲಗಿತು. ಈ ಸಲ ಕಾರನ್ನು ಯಾರಿಗೂ ಕೊಟ್ಟಿರಲಿಲ್ಲವಾದ್ದರಿಂದ ಬೈಯಲು ಯಾರೂ ಸಿಗದೆ ಇಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಆತ ಯಾರ ಮೇಲೂ ಅನುಮಾನಪಡಲಿಲ್ಲ. ಬ್ಯಾಟರಿಯ ತುದಿಗಳನ್ನು ತಿಕ್ಕಿ ಬಿಗಿ ಮಾಡಿದ, ಬೆಲ್ಟ್ ಒತ್ತಿ ನೋಡಿದ, ಬೇರೆ ಬ್ಯಾಟರಿಯ ಆಸರೆಯಿಂದ ಇಂಜಿನ್ ಚಾಲೂ ಮಾಡಿ ಮೀಟರ್ ಹಿಡಿದ. ಇಂಜಿನ್ ತಿರುಗುವಾಗ ಹದಿನಾಲ್ಕರ ತನಕ ಏರಬೇಕಾದ ವೋಲ್ಟು ಹನ್ನೆರಡೂ ದಾಟಲಿಲ್ಲ. ಲೈಟು ಹಚ್ಚಿದರೆ ಇನ್ನೂ ಇಳಿಯಿತು.

"ಬ್ಯಾಟರಿ ಛಲೋ ಐತ್ರಿ. ಆಲ್ಟರ್ನೇಟರ್ ಚಾರ್ಜ್ ಕೊಡವಲ್ದು. ಹಳೀ ಬ್ಯಾಟರೀನೂ ಹಿಂಗ ಖಾಲಿ ಆಗಿರಬೇಕು" ಅಂದ. ಕೆಂಪು ದೀಪ ಹತ್ತಿರಲಿಲ್ಲವೇ ಎಂದು ಕೇಳಿದ. ಮಂದಿಯನ್ನು ಪಾಟಿ ಸವಾಲಿಗೆ ನಿಲ್ಲಿಸುವ ನಾನು ಬಾನೆಟ್ ನೋಡುತ್ತ, ಹತ್ತಿತ್ತು ಅಂದೆ.

ಆಲ್ಟರ್ನೇಟರ್ ರಿಪೇರಿಯಾದ ಮೇಲೆ ಬಂದ ರವಿವಾರ ಚಿಮ್ಮಡಕ್ಕೆ ಹೋದೆ. ಬೀರಪ್ಪ ಕಂಬಳಿ ಹಾಸಿ ಕೂರಿಸಿದ. ಎಲ್ಲ ಹೇಳಿ, ತಪ್ಪು ನನ್ನದೇ ಅಂದೆ. ಅವನು ತಲೆಯಾಡಿಸಿ, ರಿಪೇರಿ ಸರಿಯಾಗಿ ಆಯಿತೇ ಎಂದು ವಿಚಾರಿಸಿದ. ಸಾಂವಕ್ಕನನ್ನು ಮತ್ತೊಮ್ಮೆ ಡಾಕ್ಟರಿಗೆ ತೋರಿಸಬೇಕಲ್ಲ, ಕಾರು ತಗೊಂಡು ಹೋಗು ಅಂದೆ.

"ಮೊನ್ನೆ ಬಸ್ಸಿಗೆ ಹೋಗಿ ಬಂದ್ವಿರಿ. ನೀವ್ಯಾಕ ತ್ರಾಸ ತಗೋತೀರಿ, ವಕೀಲರ?" ಅಂದ.

ಮೂವತ್ತು ವರ್ಷಕ್ಕೂ ಮಿಕ್ಕಿ ನನ್ನನ್ನು 'ಲೇ' ಎಂದೇ ಕರೆದವನು. ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಈಗಲೂ ಸಂತೆಯಲ್ಲಿ ಸಿಗುತ್ತೇವೆ, ಚಹಾ ಕುಡಿಯುತ್ತೇವೆ. ಬೀರಪ್ಪ ನಿಮಗೆ ಎಷ್ಟು ಮರ್ಯಾದೆ ಕೊಡುತ್ತಾನೆ ಎಂದು ನೋಡಿದವರು ಮೆಚ್ಚುತ್ತಾರೆ. ಹೌದು, ಬಹಳ ಕೊಡುತ್ತಾನೆ, ಎನ್ನುತ್ತೇನೆ.