ಮಿರಿಸ್ಸಾದ ತಿಮಿಂಗಿಲ ಮತ್ತು ಅಮ್ಮನ ಕಿವಿ

ದೆವ್ವ, ಶಕುನ, ಪವಾಡ ಎಂದು ಬಾಯಿ ತೆರೆದವರ ಮುಖಕ್ಕೇ ನಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳಿಗೆ ಅದೊಂದು ಜಂಬವೂ ಹೌದು. ಈಗ ನಾನೇ ಇಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ನಮ್ಮದು ಶಿಡ್ಲಘಟ್ಟ. ಅಮ್ಮ ರೇಷ್ಮೆ ನೂಲು ಬಿಚ್ಚುವ ಯಂತ್ರದ ಮುಂದೆ ಕೂತು ನಮ್ಮನ್ನು ಓದಿಸಿದಳು, ಆ ಸದ್ದಿನಲ್ಲೇ ಕಿವಿ ಕಳೆದುಕೊಂಡಳು. ಆಮೇಲೂ ಕೆಲಸ ಬಿಡಲಿಲ್ಲ. ಯಂತ್ರದ ಚೌಕಟ್ಟಿಗೆ ಎಡಗೈ ಆನಿಸಿ, ಅದು ಸರಿಯಾಗಿ ತಿರುಗುತ್ತಿದೆಯೋ ಇಲ್ಲವೋ ಎಂದು ಅಂಗೈಯಲ್ಲೇ ತಿಳಿಯುತ್ತಿದ್ದಳು. ನಾನು ಅವಳಿಗೆ ಏನು ಹೇಳಬೇಕಾದರೂ ಕೈಸನ್ನೆ, ಇಲ್ಲವೇ ಕಾಗದದ ಮೇಲೆ ಬರಹ. ಹನ್ನೊಂದು ವರ್ಷದಿಂದ ಅವಳು ನನ್ನ ದನಿ ಕೇಳಿರಲಿಲ್ಲ. ನನಗಿದ್ದ ಕೊರಗು ಅದೊಂದೇ.

ಕೆಲವು ವರ್ಷಗಳ ಹಿಂದೆ ಚಿಂತಾಮಣಿಯ ಒಂದು ತಂಡದ ಜೊತೆ ನಾವಿಬ್ಬರೂ ಶ್ರೀಲಂಕಾಕ್ಕೆ ಹೋದೆವು. ಟಿ.ವಿ.ಯಲ್ಲಿ ತಿಮಿಂಗಿಲ ನೋಡಿದಂದಿನಿಂದ ಅಮ್ಮನಿಗೆ ಅದರದೇ ಹುಚ್ಚು. ಅಲ್ಲಿನ ದಕ್ಷಿಣ ತೀರದ ಮಿರಿಸ್ಸಾದಿಂದ ಬೆಳಿಗ್ಗೆ ದೋಣಿ ಹೊರಟಿತು. ದಡ ಕಣ್ಮರೆಯಾಗುವ ಹೊತ್ತಿಗೆ ನಮ್ಮ ಬಯಲುಸೀಮೆಯ ಹೊಟ್ಟೆಗಳೆಲ್ಲ ಕೈಕೊಟ್ಟವು. ಮೂರು ಗಂಟೆ ಸುತ್ತಿದರೂ ಬರೀ ನೀರು. ಎಲ್ಲರೂ ವಾಪಸ್ಸು ಹೋಗೋಣವೆಂದರು.

ಅಮ್ಮ ಮಾತ್ರ ದೋಣಿಯ ಅಂಚಿಗೆ ಎಡಗೈ ಒತ್ತಿ ಕೂತಿದ್ದಳು. "ತಾಳಮ್ಮ, ಕೆಳಗೇನೋ ಐತೆ. ಮಿಷಿನ್ ನಿಲ್ಸೋಕೆ ಹೇಳು."

ನಾಚಿಕೆ ಬಿಟ್ಟು ದೋಣಿಯವನನ್ನು ಬೇಡಿಕೊಂಡೆ. ಅವನು ಎಂಜಿನ್ ಆರಿಸಿದ. ಸ್ವಲ್ಪ ಹೊತ್ತಿಗೆ, ಅಮ್ಮ ನೋಡುತ್ತಿದ್ದ ಕಡೆಯೇ ನೀಲಿ ಬೆನ್ನೊಂದು ಮೇಲೆದ್ದಿತು. ಏಳುತ್ತಲೇ ಇತ್ತು, ಮುಗಿಯಲೇ ಇಲ್ಲ. ಪಕ್ಕದಲ್ಲಿ ಅದರ ಮರಿ. ಅವು ಉಸಿರು ಬಿಟ್ಟಾಗ ಹನಿಗಳು ನಮ್ಮ ಮೇಲೂ ಬಿದ್ದವು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಇಲ್ಲಿಯವರೆಗಿನದಕ್ಕೆ ನಾನು ಕಾರಣ ಹೇಳಬಲ್ಲೆ. ತಿಮಿಂಗಿಲದ ಸದ್ದಿಗೆ ದೋಣಿ ಅದುರಿದ್ದನ್ನು ಅಮ್ಮನ ಅಂಗೈ ಹಿಡಿದಿರಬೇಕು. ಮುಂದಿನದಕ್ಕೆ ಹೇಳಲಾರೆ.

ಅಮ್ಮನ ಬೆನ್ನ ಹಿಂದೆ ನಿಂತಿದ್ದ ನಾನು ಅರಿವಿಲ್ಲದೆ "ಅಮ್ಮಾ" ಎಂದೆ. ಅವಳನ್ನು ಮುಟ್ಟಿರಲಿಲ್ಲ. ಅವಳು ತಟ್ಟನೆ ತಿರುಗಿ, "ಏನಮ್ಮ?" ಎಂದಳು.

ಊರಿಗೆ ಬಂದ ಮೇಲೆ ಕಿವಿ ಪರೀಕ್ಷೆ ಮಾಡಿಸಿದೆ. ಎರಡೂ ಮೊದಲಿನಂತೆಯೇ ಇದ್ದವು, ಈಗಲೂ ಹಾಗೇ ಇವೆ. ಆದರೆ ಆ ಕೊರಗು ಹೋಗಿದೆ. ಅಂದು ನಿನಗೆ ಹೇಗೆ ಕೇಳಿಸಿತು ಎಂದು ಕಾಗದದ ಮೇಲೆ ಬರೆದು ಕೇಳಿದೆ.

ಅಮ್ಮ ನಕ್ಕಳು. "ನೀನು ಕರೆದೆ, ನಾನು ಓ ಅಂದೆ. ಅದ್ರಲ್ಲೇನೈತೆ? ಆದ್ರೂ ನಿನ್ ದನಿ ನಮ್ಮಮ್ಮನ ದನಿ ಥರಾನೇ ಆಗೋಗೈತೆ ಕಣಮ್ಮ."

ಅಜ್ಜಿಯನ್ನು ಬಲ್ಲ ಹಿರಿಯರು ಈಚೆಗೆ ನನ್ನ ಬಳಿ ಹೇಳುತ್ತಿದ್ದುದೂ ಅದನ್ನೇ. ಅಮ್ಮನಿಗೆ ಅದನ್ನು ನಾನಂತೂ ಹೇಳಿರಲಿಲ್ಲ.